ಅಕ್ಕನ ಕೈ ನೋಡಪ್ಪ

ಚಾಡಿ ಹೇಳಿದವನು ನಾನು. ಗೌರತ್ತೆಯಲ್ಲ.

ನನ್ನ ಅಕ್ಕನ ಕಾದಂಬರಿಗಳನ್ನು ಓದಿದವರಿಗೆ ಈ ಮಾತು ಹೇಳಲೇಬೇಕು. ಅವಳ ಯಾವ ಕಾದಂಬರಿ ತೆರೆದರೂ ಒಬ್ಬ ಹೆಂಗಸು ಇರುತ್ತಾಳೆ — ನಗುತ್ತ ಮಾತಾಡಿ, ಗುಟ್ಟು ತಿಳಿದುಕೊಂಡು, ಹುಡುಗಿಯನ್ನು ಅವಳಪ್ಪನಿಗೆ ಹಿಡಿದುಕೊಡುವವಳು. ಒಂದರಲ್ಲಿ ಹೂ ಮಾರುತ್ತಾಳೆ, ಇನ್ನೊಂದರಲ್ಲಿ ಸೂಲಗಿತ್ತಿ. ಈಚಿನದರಲ್ಲಿ ಅಗರಬತ್ತಿ ಹೊಸೆಯುತ್ತಾಳೆ. ಕೊನೆಗೆ ಬೀದಿಯವರು ಅವಳನ್ನು ಜುಟ್ಟು ಹಿಡಿದು ಎಳೆದು ಬಾಯಿಗೆ ಬತ್ತಿ ಹೊಸೆಯುವ ಕರಿ ಮಸಾಲೆ ತುರುಕುತ್ತಾರೆ. ಆ ಪುಟ ಓದಿ ‘ಸರಿಯಾಯ್ತು’ ಅಂದುಕೊಂಡಿರುತ್ತೀರಿ. ಮತ್ತು ಆ ತಮ್ಮ — ಏನೂ ಅರಿಯದೆ ಮೂಲೆಯಲ್ಲಿ ಅಳುವ ತಮ್ಮ — ಅವನಿಗಾಗಿ ಮರುಗಿರುತ್ತೀರಿ.

ಆ ತಮ್ಮ ನಾನು.

ನಮ್ಮಪ್ಪ ಟಾಂಗಾ ಹೊಡೆಯುತ್ತಿದ್ದ. ಮಂಡಿ ಮೊಹಲ್ಲಾದ ವಠಾರದಲ್ಲಿ ಮನೆ, ಅಮ್ಮ ಇರಲಿಲ್ಲ. ಏಳನೇ ಕ್ಲಾಸಿಗೇ ನನ್ನನ್ನು ಬಿಡಿಸಿ ಕುದುರೆ ನೋಡಿಕೊಳ್ಳಲು ಹಾಕಿದ. ಅಕ್ಕ ಹತ್ತನೆಯದು ಪಾಸಾದ ಮೇಲೆ ಅವಳನ್ನೂ ಬಿಡಿಸಿ, ಎದುರುಮನೆ ಗೌರತ್ತೆಯ ಜೊತೆ ಬತ್ತಿ ಹೊಸೆಯಲು ಕೂರಿಸಿದ. ಆದರೆ ಅಪ್ಪ ಗಾಡಿ ಕಟ್ಟಿಕೊಂಡು ಅರಮನೆ ಕಡೆ ಹೋದ ಮೇಲೆ ಅಕ್ಕ ಕಾಲೇಜಿಗೆ ಹೋಗುತ್ತಿದ್ದಳು. ಅವಳ ಪಾಲಿನ ಬತ್ತಿಯನ್ನೂ ಗೌರತ್ತೆಯೇ ಹೊಸೆದು, ಆ ಕೂಲಿಯನ್ನು ಅಕ್ಕನ ಕೈಯಿಂದಲೇ ಅಪ್ಪನಿಗೆ ಕೊಡಿಸುತ್ತಿದ್ದಳು.

ಬತ್ತಿ ಹೊಸೆಯುವವರ ಅಂಗೈ ಕಪ್ಪಾಗಿರುತ್ತದೆ. ಇದ್ದಿಲ ಪುಡಿ ರೇಖೆಗಳೊಳಗೆ ಇಳಿದರೆ ಎಷ್ಟು ತಿಕ್ಕಿದರೂ ಹೋಗದು. ಅದಕ್ಕೇ ಅಕ್ಕ ಕಾಲೇಜಿಂದ ಬಂದು, ಗೌರತ್ತೆ ಬತ್ತಿ ಹೊಸೆಯುವ ಕರಿ ಮಣೆಗೆ ಎರಡೂ ಅಂಗೈ ತಿಕ್ಕಿಕೊಂಡೇ ಮನೆಯೊಳಗೆ ಬರುತ್ತಿದ್ದಳು. ಒಂದು ಸಂಜೆ ಮರೆತಳು.

ಏಟು ತಪ್ಪಿಸಿಕೊಳ್ಳಲು ಹೇಳಿದೆ ಎನ್ನಲು ನನಗೂ ಆಸೆ. ಆದರೆ ಅಂದು ಅಪ್ಪ ನನ್ನನ್ನು ಮುಟ್ಟಿರಲಿಲ್ಲ. ಒಳ್ಳೆಯ ಬಾಡಿಗೆ ಸಿಕ್ಕಿ ನಗುನಗುತ್ತ ಊಟಕ್ಕೆ ಕುಳಿತಿದ್ದ. ಅಕ್ಕ ಮುದ್ದೆ ಬಡಿಸಿ ನೀರು ತರಲು ಹೊರಗೆ ಹೋದಳು. ನನ್ನ ಕೈ ಲದ್ದಿ ನಾರುತ್ತಿತ್ತು. ಅವಳ ಚೊಕ್ಕಟ ಅಂಗೈ ಕಂಡಿದ್ದೆ — ಬೆರಳ ಮೇಲೆ ಶಾಯಿಯ ಕಲೆ. ಅದನ್ನು ಕಂಡು ನನ್ನೊಳಗೆ ಏನೋ —

“ಅಕ್ಕನ ಕೈ ನೋಡಪ್ಪ,” ಅಂದೆ. “ಒಂಚೂರೂ ಕರಿ ಇಲ್ಲ.”

ಏನಾಗುತ್ತದೆಂದು ಗೊತ್ತಿದ್ದೇ ಅಂದೆ.

ಅಪ್ಪ ತಟ್ಟೆ ತಳ್ಳಿ ಎದ್ದ. ಅಕ್ಕ ಕೊಡ ಇಳಿಸುವ ಮೊದಲೇ ಜಡೆ ಹಿಡಿದು ಎಳೆದ. ಮುಖ ಗೋಡೆಗೆ ಬಡಿದು ತುಟಿ ಸೀಳಿತು. ಚಾವಟಿಯಲ್ಲಿ ಬಾರಿಸಿದ, ಸಾಲದೆ, ತಿರುಗಿಸಿ ಹಿಡಿಯಿಂದ ಹೊಡೆದ. ಆಮೇಲೆ ಅವಳ ಬಲಗೈಯನ್ನು ಅರೆಯುವ ಕಲ್ಲಿನ ಮೇಲೆ ಒತ್ತಿ ನನ್ನನ್ನು ಕರೆದ.

“ಇಡ್ಕೊಳ್ಲಾ ಇದ್ನ. ಓದೋ ಕೈಯಂತೆ.”

ಹಿಡಿದುಕೊಂಡೆ. ಮಣಿಕಟ್ಟನ್ನು, ಎರಡೂ ಕೈಯಲ್ಲಿ. ಅಪ್ಪ ಚಾವಟಿಯ ಹಿಡಿ ಎತ್ತಿ ಬಡಿದ. ಬೆರಳು ಮುರಿದದ್ದು ನನ್ನ ಕಿವಿಗಿಂತ ಮೊದಲು ನನ್ನ ಕೈಗೆ ತಿಳಿಯಿತು. ಅಕ್ಕ ಒಂದು ಸಲ ಕರುವಿನ ಹಾಗೆ — ಅಷ್ಟೆ, ಎಚ್ಚರ ತಪ್ಪಿತು. ಆಗ ಗೌರತ್ತೆ ಒಳನುಗ್ಗಿ ಅಪ್ಪನ ತೋಳಿಗೆ ಜೋತುಬಿದ್ದಳು; ಎದೆಗೆ ಒದೆ ತಿಂದು ಹೊಸ್ತಿಲ ಮೇಲೆ ಬಿದ್ದಳು. ಅದನ್ನು ಅಕ್ಕ ಕಾಣಲಿಲ್ಲ. ನಾನು ಕಂಡೆ.

ಆಸ್ಪತ್ರೆಯಲ್ಲಿ ಅಕ್ಕ ಕೇಳಿದಳು, “ಯಾರೋ ಹೇಳಿದ್ದು?”

“ಗೌರತ್ತೆ.”

ಗುಟ್ಟು ಗೊತ್ತಿದ್ದವಳು ಆಕೆಯೊಬ್ಬಳೇ ಎಂದುಕೊಂಡಿದ್ದ ಅಕ್ಕ ನಂಬಿದಳು; ನನಗೂ ಗೊತ್ತೆಂದು ಅವಳಿಗೆ ತಿಳಿದಿರಲಿಲ್ಲ. ನಾನು ಕೈ ಹಿಡಿದುಕೊಂಡದ್ದನ್ನೂ, “ನೀನು ಚಿಕ್ಕೋನು, ಏನ್ಮಾಡ್ತಿದ್ದೆ ಬುಡು” ಎಂದು ಕ್ಷಮಿಸಿದಳು. ಅಲ್ಲಿಂದ ನೇರ ಹಾಸ್ಟೆಲಿಗೆ ಹೋದವಳು ವಠಾರಕ್ಕೆ ಮತ್ತೆ ಕಾಲಿಡಲಿಲ್ಲ. ಎಡಗೈಯಲ್ಲಿ ಬರೆಯಲು ಕಲಿತಳು. ಆ ಕೈಯಿಂದ ಬಂದ ಕಾದಂಬರಿಗಳನ್ನೇ ನೀವು ಓದಿರುವುದು.

ಈಚೆಗೆ ಗೌರತ್ತೆ, ಕಡಕೊಳದ ಕಾರ್ಖಾನೆಯಲ್ಲಿ ಗೇಟು ಕಾಯುವ ನನ್ನನ್ನು ಹುಡುಕಿಕೊಂಡು ಬಂದಳು. ಹೊಸ ಕಾದಂಬರಿಯನ್ನು ಮೊಮ್ಮಗಳು ಓದಿ ಹೇಳಿದ್ದಳಂತೆ. ಅಂದಿನಿಂದ ಆ ಹುಡುಗಿ ಅಜ್ಜಿ ಬಡಿಸಿದ್ದನ್ನು ಮುಟ್ಟುತ್ತಿಲ್ಲ.

“ನಾನ್ ಹೇಳ್ಲಿಲ್ಲ ಕಣಪ್ಪ.”

“ಅದು ಬರೀ ಕತೆ, ಬುಡತ್ತೆ.”

“ಕತೆ ಆದ್ರೆ ನನ್ ಎರಡು ಕಡೆ ಮೂಗುಬೊಟ್ಟು ಯಾಕಪ್ಪ ಅದ್ರಲ್ಲಿ? ನನ್ ಕುಂಟು ಮಣೆ ಯಾಕೆ? ಬಾಯಿಗೆ ಮಸಾಲೆ ತುರುಕುಸ್ಕೊಂಡೋಳು ನಾನೇ ಕಣೋ.”

ಆಗಲೂ ಒಪ್ಪಿಕೊಳ್ಳದೆ ಬಸ್ಸು ಹತ್ತಿಸಿ ಕಳಿಸಿದೆ. ಅವಳು ಕಿಟಕಿಯಿಂದ ಕೂಡ ನನ್ನ ಕಡೆ ನೋಡಲಿಲ್ಲ — ಬಹುಶಃ ಅವಳಿಗೆ ಮೊದಲಿಂದಲೂ...

ಆ ಭಾನುವಾರ ಕುವೆಂಪುನಗರದ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಆ ಕೈಯಿಂದಲೇ ನನ್ನ ಕೆನ್ನೆಗೆ ಹೊಡೆದಳು. ಸೊಟ್ಟ ಬೆರಳು ಕಣ್ಣಿಗೆ ತಾಗಿತು.

“ಇಷ್ಟು ವರ್ಷ ನನ್ನ ಕೈಲಿ ಆಯಮ್ಮನ್ನ ಹೊಡೆಸ್ಬುಟ್ಯಲ್ಲೋ,” ಅಂದಳು. “ಇದನ್ನ ನಾನು ಬರೆಯಲ್ಲ. ನಾನು ಬರೆದ್ರೆ ಎಲ್ಲೋ ಒಂದು ಕಡೆ ನಿನ್ನ ಮೇಲೆ ಕರುಣೆ ತೋರಿಸ್ಬುಡ್ತೀನಿ. ನೀನೇ ಬರಿ.”

ಬರೆದಿದ್ದೇನೆ. ಅಕ್ಕ ಕಾಗುಣಿತ ಮಾತ್ರ ತಿದ್ದಿದ್ದಾಳೆ.

ಗೌರತ್ತೆಗೆ ಓದಲು ಬಾರದು. ಇದು ಅಚ್ಚಾಗುವ ಮೊದಲು ವಠಾರಕ್ಕೆ ಹೋಗಿ, ಮೊಮ್ಮಗಳಿಗೂ ಕೇಳುವ ಹಾಗೆ ನಾನೇ ಗಟ್ಟಿಯಾಗಿ ಓದಬೇಕು. ಮೊದಲ ಸಾಲನ್ನು ಹೊಸ್ತಿಲಾಚೆ ನಿಂತೇ ಓದುತ್ತೇನೆ. ಮಿಕ್ಕದ್ದಕ್ಕೆ ಒಳಗೆ ಕರೆಯುವುದು, ಬಿಡುವುದು ಅವಳಿಗೆ ಸೇರಿದ್ದು.