ಮಾವನ ಕೈಯ ವಿಭೂತಿ

ಇವತ್ತು ಬೆಳಿಗ್ಗೆ ಹೆಂಡತಿಯ ತಂದೆಯ ಮೇಲೆ ರೇಗಿಬಿಟ್ಟೆ, ಗೆಳೆಯರೇ. ಅವರು ನಂದಿಗುಡಿಯಿಂದ ಬಂದ ದಿನದಿಂದಲೇ ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೈಕೊಟ್ಟಿತ್ತು. ಎರಡು ಬೆರಳಲ್ಲಿ ಸರಿಸಿದರೆ ಪುಟ ಕದಲುತ್ತಿರಲಿಲ್ಲ, ಮುಟ್ಟದಿದ್ದರೂ ಬಾಣದ ಗುರುತು ತಾನೇ ಓಡುತ್ತಿತ್ತು. ಇವತ್ತು ನೋಡಿದರೆ ಪ್ಯಾಡಿನ ಮೇಲೆ ವಿಭೂತಿ ಹತ್ತಿದ ಮೂರು ಬೆರಳಿನ ಗುರುತು.

“ಪೂಜೆ ಮಾಡಿದ ಕೈಲಿ ಇದನ್ನ ಮುಟ್ಟಬ್ಯಾಡ್ರಿ ಮಾವ. ಹಾಳಾತು ನೋಡ್ರಿ,” ಎಂದೆ.

“ತಪ್ಪಾತ್ರಿ,” ಎಂದು ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಭಾನುವಾರದವರೆಗೆ ಇರುತ್ತೇನೆ ಎಂದಿದ್ದವರು ಊಟಕ್ಕೂ ನಿಲ್ಲದೆ ಬಸ್ ಹತ್ತಿದರು.

ಕೆ.ಬಿ. ಬಡಾವಣೆಯ ರಿಪೇರಿ ಅಂಗಡಿಯವನು ಲ್ಯಾಪ್‌ಟಾಪ್ ಬೋರಲು ಹಾಕಿ ನೋಡಿದ. “ಬ್ಯಾಟರಿ ಉಬ್ಬೈತ್ರಿ ಸರ್. ಕೆಳಗಿಂದ ಪ್ಯಾಡ್ ಒತ್ತಾಕತ್ತೈತೆ.” ವಿಭೂತಿಯ ಬಗ್ಗೆ ಕೇಳಿದೆ. “ಅದೇನ್ ಮಾಡ್ತೈತ್ರಿ, ಒರೆಸಿದ್ರೆ ಹೋಗ್ತೈತೆ,” ಎಂದ.

ಮಾವನಿಗೆ ಫೋನ್ ಮಾಡಿ ಬ್ಯಾಟರಿಯ ವಿಷಯ ಹೇಳಿದೆ. ಬಸ್ ಹರಿಹರ ದಾಟಿತ್ತಂತೆ.

“ಹೌದ್ರಿ, ಅದು ಮೇಜಿನ ಮ್ಯಾಲೆ ಸಮ ಕೂಡ್ತಿರಲಿಲ್ಲ. ಯಾಕ ಅಂತ ಒತ್ತಿ ನೋಡಿದ್ದೆ. ನಿಮಗೆ ಹೇಳಬೇಕು ಅನ್ನೋದ್ರಾಗೆ ನೀವು ಸಿಟ್ಟಾದ್ರಿ,” ಎಂದರು.

ಹೊಸ ಬ್ಯಾಟರಿ ನಾಳೆ ಬರುತ್ತದಂತೆ. ಮಾವ ಮತ್ತೆ ಬರುವುದು ಮಾತ್ರ ರಿಪೇರಿಯವನ ಕೈಯಲ್ಲಿಲ್ಲ.