ಅಕ್ಕನ ಕೈ ಮತ್ತು ಇಂಗ್ಲಿಷ್ ಸಿನಿಮಾ

ನಾನು ಚಿಕ್ಕವಳಿದ್ದಾಗ ಅಕ್ಕನಿಗೆ ಬಂದ ಮೊದಲ ಸಂಬಂಧ ತಪ್ಪಿಹೋಯಿತು. ಜಾತಕ ಕೂಡಲಿಲ್ಲ ಎಂದು ಬಂಧುಗಳು ಈಗಲೂ ಹೇಳುತ್ತಾರೆ. ಸುಳ್ಳು. ಅದನ್ನು ತಪ್ಪಿಸಿದ್ದು ಇಂಗ್ಲಿಷ್ ಸಿನಿಮಾ. ತಪ್ಪಿದ್ದೇ ಒಳ್ಳೆಯದಾಯಿತು.

ಇಳಕಲ್ಲಿನಲ್ಲಿ ನಮ್ಮ ಮನೆಯ ನಡುವೆಯೇ ಎರಡು ಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಕ್ಕ ಸೀರೆ ನೇಯುತ್ತಿದ್ದರು. ಆ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ನೀರು ಬೇಕೋ, ನೂಲು ಹರಿಯಿತೋ, ಅವ್ವನಿಗೆ ಸಿಟ್ಟು ಬಂದಿದೆಯೋ, ಎಲ್ಲವನ್ನೂ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದೆವು.

ಅಪ್ಪನಿಗೆ ಇಂಗ್ಲಿಷ್ ಸಿನಿಮಾದ ಹುಚ್ಚು. ಊರಿನ ಟಾಕೀಜಿನಲ್ಲಿ ಕೆಲವು ರವಿವಾರ ಬೆಳಗಿನ ಆಟಕ್ಕೆ ಹಾಲಿವುಡ್ಡಿನ ಹಳೆಯ ಕಪ್ಪು-ಬಿಳುಪು ಚಿತ್ರ ಹಾಕುತ್ತಿದ್ದರು. ಅಪ್ಪನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. "ಮಾತು ತಿಳೀದ ಏನ್ ನೋಡ್ತಿಯೋ?" ಎಂದು ದೊಡ್ಡಪ್ಪ ಕಾಡಿಸುತ್ತಿದ್ದ. "ಅಣ್ಣಾ, ಮಗ್ಗದ ಮುಂದ ನಿನ್ನ ಕನ್ನಡನೂ ನನಗ ಕೇಳ್ಸಂಗಿಲ್ಲ. ಬೈಯಾಕತ್ತಿ ಅಂತ ನಿನ್ನ ಮಾರಿ ನೋಡೇ ತಿಳಕೊಳ್ತೇನಿ" ಎನ್ನುತ್ತಿದ್ದ ಅಪ್ಪ.

ಆ ರವಿವಾರ ಮಧ್ಯಾಹ್ನ ಅಕ್ಕನನ್ನು ನೋಡಲು ಕಮತಗಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅಪ್ಪ ಬೆಳಿಗ್ಗೆ ನನ್ನ ಕೈ ಹಿಡಿದು ಟಾಕೀಜಿಗೆ ಹೊರಟ. ಶಿರಾಕ್ಕೆ ರವೆ ಹುರಿಯುತ್ತಿದ್ದ ಅವ್ವ ಒಳಗಿನಿಂದಲೇ ಕೂಗಿದಳು: "ಅಲ್ಲೇ ಕುಂದರ್ರಿ! ಬೀಗರನ್ನೂ ಟಾಕೀಜಿಗೇ ಕಳಸ್ತೇನಿ!"

ಟಾಕೀಜಿನ ತುಂಬ ಬೀಡಿಯ ಹೊಗೆ, ಕಾಲಡಿ ಶೇಂಗಾ ಸಿಪ್ಪೆ. ಪರದೆಯ ಮೇಲೆ ಒಬ್ಬ ಹೆಂಗಸು ಮನೆಗೆ ಬಂದವರಿಗೆ ಚಹಾ ಕೊಟ್ಟು, ಅವರು ಏನೆಂದರೂ ನಗುತ್ತಿದ್ದಳು. ಅವಳ ಮುಖ ನಮ್ಮ ಮನೆಯ ಗೋಡೆಯಷ್ಟು ದೊಡ್ಡದಾಗಿ ಬಂತು. ಕಣ್ಣರೆಪ್ಪೆ ಒಂದಿಷ್ಟು ಅಲುಗಿದರೂ ಕಾಣುತ್ತಿತ್ತು.

"ಅಕಿ ಭಾಳ ಖುಷಿಯಾಗ್ಯಾಳ ಅಲ್ಲಪ್ಪಾ?" ಎಂದೆ.

"ಬಾಯಿ ನೋಡಬ್ಯಾಡ, ಕೈ ನೋಡು."

ನೋಡಿದೆ. ಮುಖ ಹಿಂದೆ ಸರಿದು ಇಡೀ ಮೇಜು ಕಾಣುತ್ತಿತ್ತು, ಅದರ ಕೆಳಗೆ ಅವಳ ಕೈ ಕರವಸ್ತ್ರವನ್ನು ಒದ್ದೆ ಬಟ್ಟೆಯಂತೆ ಹಿಂಡುತ್ತಿತ್ತು. ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದ. "ನಮ್ಮ ನಾಟಕದಾಗ ಹಿಂದಿನ ಸಾಲಿಗೂ ಕೇಳೂವಂಗ ಅಳತಾರ. ಇವರು ಅಳೂದನ್ನ ಮುಚ್ಚಿಡತಾರ. ಅದಕ್ಕ ನೋಡೋ ನಮಗ ಅಳು ಬರತೈತಿ."

ಮಧ್ಯಾಹ್ನ ಕಮತಗಿಯವರು ಬಂದರು. ಬಟ್ಟೆ ಅಂಗಡಿಯವರು, ಒಳ್ಳೆಯ ಜನ. ಹುಡುಗನ ತಾಯಿ, "ಒಪ್ಪಿಗಿ ಐತೇನವಾ?" ಎಂದು ಕೇಳಿದರು. ಅಕ್ಕ ತಲೆ ತಗ್ಗಿಸಿ ನಕ್ಕಳು. ನಮ್ಮಲ್ಲಿ ಅಷ್ಟಾದರೆ ಒಪ್ಪಿದಂತೆಯೇ, ಹುಡುಗಿ ಬಾಯಿ ಬಿಟ್ಟು ಹೇಳುವ ರೂಢಿ ಇರಲಿಲ್ಲ. ದೊಡ್ಡಪ್ಪ ಸಕ್ಕರೆ ತಟ್ಟೆ ಎತ್ತಿಕೊಂಡ. ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆ ಮದುವೆ ಗಟ್ಟಿ. ಆಮೇಲೆ ಬೇಡವೆಂದರೆ ಎರಡೂ ಮನೆಗೆ ಅವಮಾನ.

ನಾನು ಅಕ್ಕನ ಕೈ ನೋಡಿದೆ. ಸೆರಗಿನ ಅಂಚಿನ ನೂಲನ್ನು ಒಂದೊಂದಾಗಿ ಎಳೆದು ಹರಿಯುತ್ತಿದ್ದಳು. ಅಕ್ಕ ನೂಲು ಹರಿಯುವವಳಲ್ಲ, ಹರಿದದ್ದನ್ನು ಕೂಡಿಸುವವಳು. ಅಪ್ಪನ ಕಡೆ ತಿರುಗಿದೆ. ಅವನೂ ಅದನ್ನೇ ನೋಡುತ್ತಿದ್ದ.

"ಸಕ್ಕರಿ ತಡಿ ಅಣ್ಣಾ" ಎಂದ.

"ಯಾಕೋ? ಹುಡುಗಿ ನಕ್ಕಾಳಲ್ಲ!"

"ಬಾಯಿ ನಕ್ಕೈತಿ. ಕೈ ನಕ್ಕಿಲ್ಲ."

ದೊಡ್ಡಪ್ಪ ತಟ್ಟೆ ಹಿಡಿದು ನಿಂತೇಬಿಟ್ಟ. ಅಪ್ಪ ಅಕ್ಕನನ್ನು ಮಗ್ಗದ ಹತ್ತಿರ ಕರೆದೊಯ್ದ. ನಾನೂ ಹಿಂದೆ ಹೋದೆ.

"ಖರೆ ಹೇಳವ್ವಾ. ಅಂಜಬ್ಯಾಡ."

"ಅವರ ಮನ್ಯಾಗ ಮಗ್ಗ ಇಲ್ಲಪ್ಪಾ. ಬಂದ ಸೊಸಿ ನೇಯಂಗಿಲ್ಲಂತ. ನಾ ಒಲ್ಲೆ."

"ಮೊದಲ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರಿ?"

ಅಪ್ಪ ಹೊರಗೆ ಬಂದು ಅತಿಥಿಗಳಿಗೆ ಕೈ ಮುಗಿದು ಇದ್ದದ್ದನ್ನು ಇದ್ದಂತೆ ಹೇಳಿದ. ಜಗಳ ಆದೀತೆಂದು ನಾನು ಅವ್ವನ ಹಿಂದೆ ಸರಿದೆ. ಹುಡುಗನ ತಾಯಿ, "ಸಕ್ಕರಿ ತಿಂದ ಮ್ಯಾಲ ತಿಳದಿದ್ರ ಎರಡೂ ಮನಿ ಕೆಡತಿದ್ದೂ ಬಿಡ್ರಿ" ಎಂದು ಚಹಾ ಕುಡಿದು ಎದ್ದರು. "ಸಿನಿಮಾ ನಿನ್ನ ತಲಿ ಕೆಡಿಸೈತಿ" ಎಂದು ದೊಡ್ಡಪ್ಪ ಬೈದ. ಬೈಯುತ್ತಲೇ ಎರಡು ಸಲ ಶಿರಾ ಹಾಕಿಸಿಕೊಂಡ. ಅವ್ವ ಅಕ್ಕನ ಹರಿದ ಸೆರಗನ್ನು ಸವರಿದಳು. ಮುಂದೆ ಅಕ್ಕ ಗುಳೇದಗುಡ್ಡದ ಸೊಸೆಯಾದಳು. ಆ ಮನೆಯಲ್ಲಿ ನಾಲ್ಕು ಮಗ್ಗ.

ಮಕ್ಕಳೇ, ನಿಮ್ಮ ಫೋನಿನಲ್ಲಿ ಯಾವ ದೇಶದ ಸಿನಿಮಾ ಬೇಕಾದರೂ ಬರುತ್ತದೆ. ಕೆಳಗೆ ಕನ್ನಡ ಅಕ್ಷರಗಳೂ ಬರುತ್ತವೆ. ನೀವು ಅವನ್ನೇ ಓದುತ್ತ ಕೂರುತ್ತೀರಿ, ಅಷ್ಟರಲ್ಲಿ ಮುಖ ದಾಟಿ ಹೋಗಿರುತ್ತದೆ. ನಾನು ಸಾಲಿ ಕಲಿತದ್ದು ಕಡಿಮೆ, ಆ ವೇಗಕ್ಕೆ ಓದಲಾರೆ. ಅದಕ್ಕೇ ನಿಮಗಿಂತ ಹೆಚ್ಚು ನೋಡುತ್ತೇನೆ. ಒಂದು ಮಾತ್ರ ನಿಮ್ಮ ಕಾಲದ್ದೇ ಒಳ್ಳೆಯದು: ಈಗ ಹುಡುಗಿಯರನ್ನು ಬಾಯಿಬಿಟ್ಟು ಕೇಳುತ್ತಾರೆ.

ಅಂದು ಕಮತಗಿಯವರು ಬಂದುಹೋದ ಮರುದಿನ ಬೆಳಿಗ್ಗೆ ಎದ್ದವಳೇ ಅಕ್ಕನ ಮಗ್ಗದ ಮುಂದೆ ಹೋಗಿ ನಿಂತೆ. ಮುಖ ನೋಡಲಿಲ್ಲ, ಕೈ ನೋಡಿದೆ. ನೂಲು ಹೊತ್ತ ಲಾಳಿ ಅತ್ತಿಂದಿತ್ತ ಸರಾಗ ಓಡುತ್ತಿತ್ತು. ಅಡುಗೆಮನೆಗೆ ಹೋಗಿ, ಯಾರೂ ಮುಟ್ಟದೆ ಉಳಿದಿದ್ದ ಆ ಸಕ್ಕರೆಯನ್ನು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡೆ.