ತಂಬೂರಿಗೆ ಆನಿಸಿದ ದವಡೆ

ನಿನ್ನೆ ಸಂಜೆ ಅವ್ವ ತಂಗಿಯ ಕಿವಿಗೆ ಹಾಕಲೆಂದು ಬೆಳ್ಳುಳ್ಳಿ ಜಜ್ಜಿ ಎಳ್ಳೆಣ್ಣೆಯಲ್ಲಿ ಕಾಸಿದಳು. ಆ ವಾಸನೆ ಒಲೆಯಿಂದ ಎದ್ದು, ಪಡಸಾಲೆ ದಾಟಿ, ನಾನು ಓದುತ್ತಿದ್ದ ಕಡೆಗೆ, ಅಂದರೆ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ್ದ ಕಡೆಗೆ ಬಂತು. ನಮ್ಮೂರು ಕಲ್ಯಾಣಿಯ ಕೋಟೆಗೋಡೆ ಬೀಳುವ ಹಾಗೆ ತಂಗಿ ಅಳುತ್ತಿದ್ದಳು. ನಾನೂ ಅಳುತ್ತಿದ್ದೇನೆಂದು ಅವ್ವ ಹೇಳಿದ ಮೇಲೆಯೇ ನನಗೆ ಗೊತ್ತಾಯಿತು. ಎಣ್ಣೆಯ ಘಾಟು ಕಣ್ಣಿಗೆ ಹೋಯಿತೆಂದೆ. ಮೀಸೆ ಬರುತ್ತಿರುವ ಗಂಡಸು ಬೇರೇನು ಹೇಳಬೇಕು?

ಅದು ನಮ್ಮ ಉಸ್ತಾದರ ವಾಸನೆ.

ಕೋಟೆಯ ಕಂದಕದ ಹತ್ತಿರ ಅವರ ಮನೆ ಇತ್ತು. ಮನೆ ಅಂದರೆ ಒಂದು ಕೋಣೆ, ಒಂದು ಅಂಗಳ, ಒಂದು ಬೇವಿನ ಗಿಡ. ಮೊದಲು ನಾಟಕ ಕಂಪನಿಗಳ ಜೊತೆ ಊರೂರು ತಿರುಗಿ ಹಾಡಿದವರು. ಆಮೇಲೆ ನಮ್ಮೂರಲ್ಲಿ ನಿಂತು ಗಾಯನ ಹೇಳಿಕೊಡುತ್ತಿದ್ದರು. ಅವರು ಸೊಲ್ಲಾಪುರದಲ್ಲಿ ತಾನ ಹೊಡೆದರೆ ಇಲ್ಲಿ ಪಕ್ಕದ ನಾರಾಯಣಪುರದ ಗುಡಿಯ ಕಲ್ಲಿನ ಬಸವ ಕಿವಿ ನಿಮಿರಿಸುತ್ತಿದ್ದನೆಂದು ನಾನು ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಇದರಲ್ಲಿ ಸ್ವಲ್ಪ ಹೆಚ್ಚಾಗಿರಬಹುದು. ಒಂದೇ ಕಿವಿ ನಿಮಿರಿಸಿದನೆಂದು ತಿದ್ದಿಕೊಳ್ಳಿ.

ನಾವು ಶಿಷ್ಯರು ಮೂವರು. ನಾನು, ಗಾಣಿಗರ ಹುಡುಗ, ಪತ್ತಾರರ ಹುಡುಗ. ಉಸ್ತಾದರ ಕೋಣೆಯಲ್ಲಿ ಯಾವಾಗಲೂ ಬೆಳ್ಳುಳ್ಳಿ ಎಣ್ಣೆಯ ವಾಸನೆ ಇರುತ್ತಿತ್ತು. ಅವರ ಕಂಠದ ಗುಟ್ಟು ಅದೇ ಎಂದು ನಾನು ತೀರ್ಮಾನ ಮಾಡಿದೆ. ಗಾಣಿಗರ ಹುಡುಗ ಮನೆಯಿಂದ ಎಣ್ಣೆ ತಂದ, ನಾನು ಬೆಳ್ಳುಳ್ಳಿ ತಂದೆ, ಮೂವರೂ ಕಣ್ಣು ಮುಚ್ಚಿ ಕುಡಿದೆವು. ಕಂಠ ಸುಧಾರಿಸಲಿಲ್ಲ. ಶಾಲೆಯಲ್ಲಿ ಮಾತ್ರ ನಮಗೆ ಒಂದೊಂದು ಬೆಂಚು ಪೂರ್ತಿ ಸಿಕ್ಕಿತು.

ಅವರ ಹೆಂಡತಿಯನ್ನು ನಾವು ಚಾಚಿ ಎನ್ನುತ್ತಿದ್ದೆವು. ಚಾಚಿಯ ದನಿ ಊರಿಗೇ ಪ್ರಸಿದ್ಧ. “ಏನ್ರೀ, ಊಟಕ್ಕ ಏಳ್ತೀರೋ ಇಲ್ಲೋ?” ಎಂದು ಅವರು ಕೂಗಿದರೆ ಪಕ್ಕದ ಓಣಿಯಲ್ಲಿ ಉಂಡು ಮಲಗಿದವರೂ ಎದ್ದು ಕೂಡುತ್ತಿದ್ದರು. “ಆ ಬಾಯಿ ಹ್ಯಾಂಗ ತಡಕೋತಾರೋ ಪಾಪ, ಸಂತ ಮನುಷ್ಯಾ” ಎಂದು ಓಣಿಯ ಹೆಂಗಸರು ಉಸ್ತಾದರಿಗೆ ಮರುಗುತ್ತಿದ್ದರು.

ಉಸ್ತಾದರ ಕಿವಿ ಹೋಗುತ್ತಿತ್ತು. ಅದು ಚಾಚಿಯೊಬ್ಬರಿಗೇ ಗೊತ್ತು. ಕಿವಿಯಿಲ್ಲದ ಗಾಯನದ ಮಾಸ್ತರನ ಹತ್ತಿರ ಯಾರು ಮಕ್ಕಳನ್ನು ಕಳಿಸುತ್ತಾರೆ? ಅದಕ್ಕೆ ಎಣ್ಣೆ, ಅದಕ್ಕೆ ಆ ಕೂಗು… ಇದೆಲ್ಲ ನಾನು ಈಗ ಹೇಳುತ್ತಿರುವುದು. ಆಗ ಕೇಳಿದ್ದರೆ ಚಾಚಿ ಜಗಳಗಂಟಿ ಎಂದು ಆಣೆ ಮಾಡಿ ಹೇಳುತ್ತಿದ್ದೆ.

ಇದ್ದದ್ದು ಒಂದೇ ತಂಬೂರಿ. ಅದು ಯಾವಾಗಲೂ ಉಸ್ತಾದರ ತೊಡೆಯ ಮೇಲೆ. ತಂತಿ ಮೀಟುತ್ತ ಅವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ತಂಬೂರಿಯ ದಂಡಿಗೆ ದವಡೆ ಆನಿಸುತ್ತಿದ್ದರು. ಹಾಗೆ ಕೂತರೆ ಏನು ಚಂದ ಕಾಣುತ್ತಿದ್ದರು! ಗಾಯನ ಅಂದರೆ ಅದೇ ಎಂದು ನಮಗೆ ಅನಿಸಿತ್ತು. ನಾವು ಹಾಡುವಾಗ ಒಂದು ಅಂಗೈ ನಮ್ಮ ಎದೆಯ ಮೇಲೆ ಇಡುತ್ತಿದ್ದರು. “ಇನ್ನಾ ಮ್ಯಾಲ, ಬೇಟಾ. ಸ್ವರ ಅಲ್ಲೇ ಮ್ಯಾಲ ಕುಂತದ, ನಿನ್ನ ದಾರಿ ನೋಡ್ಲಾಕತ್ತದ” ಎನ್ನುತ್ತಿದ್ದರು. ನಾವು ಅದನ್ನು ಆಶೀರ್ವಾದ ಅಂದುಕೊಂಡಿದ್ದೆವು. ಅವರು ಎದೆಯ ಗುಡುಗನ್ನು ಕೈಯಿಂದ ಕೇಳುತ್ತಿದ್ದರು.

ಮನೆಯಲ್ಲಿ ನಾವು ದವಡೆ ಆನಿಸುವುದನ್ನು ಕಲಿತೆವು. ತಂಬೂರಿ ಇರಲಿಲ್ಲ, ಒನಕೆ ಇತ್ತು. ನಾನು ಒನಕೆ ತೊಡೆಯ ಮೇಲೆ ನಿಲ್ಲಿಸಿ, ದವಡೆ ಒತ್ತಿ, ಕಣ್ಣು ಮುಚ್ಚಿ, ಅರ್ಧ ಬಾಯಿಯಲ್ಲಿ ಆಲಾಪ ತೆಗೆದರೆ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಹಲ್ಲು ನೋಯ್ತಾದೇನೋ, ಖೋಡಿ?”

“ಇದು ಘರಾಣಾ, ಆಯಿ.”

“ಲವಂಗ ಇಟ್ಕೋ, ಘರಾಣಾ ಇಳೀತದ.”

ಆ ಚಳಿಗಾಲದಲ್ಲಿ ಹುಮನಾಬಾದದ ಒಬ್ಬ ಸಾಹುಕಾರರಿಂದ ಕರೆ ಬಂತು. ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಉಸ್ತಾದರು ಶಿಷ್ಯರನ್ನು ಕರೆದುಕೊಂಡು ಬಂದು ಹಾಡಬೇಕು. ಹಾಡು ಮನಸ್ಸಿಗೆ ಬಂದರೆ ಉಸ್ತಾದರನ್ನು ತಮ್ಮ ವಾಡೆಯಲ್ಲೇ ಇಟ್ಟುಕೊಂಡು, ಮನೆಯ ಮಕ್ಕಳಿಗೆ ಗಾಯನ ಹೇಳಿಸುತ್ತಾರೆ. ಇರಲು ಮನೆ, ವರ್ಷದ ಜೋಳ, ಮೇಲೆ ಮರ್ಯಾದೆ. ಚಾಚಿ ಅವರ ಶೇರ್ವಾನಿಗೆ ಇಸ್ತ್ರಿ ಹಾಕಿಸಿ, ಗುಂಡಿ ಹಾಕುತ್ತ ಹಾಕುತ್ತ ಅವರ ಮುಖವನ್ನೇ ನೋಡುತ್ತಿದ್ದರು. ಆ ದಿನ ಅವರು ಕೂಗಲಿಲ್ಲ. ನಮಗೆಲ್ಲ ಆಶ್ಚರ್ಯ.

ಯುದ್ಧದ ಕಾಲ. ಪೆಟ್ರೋಲು ಇರಲಿಲ್ಲ, ಮೋಟಾರು ಇದ್ದಲಿನ ಹೊಗೆಯ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ಅದಕ್ಕೆ ತೋರಿಸಿದ ಗೌರವ. ಏರು ಬಂದಲ್ಲೆಲ್ಲ ನಾವು ಇಳಿದು ನೂಕಿದೆವು. ಒಂದು ಎಮ್ಮೆ ನಮ್ಮನ್ನು ಹಿಂದೆ ಹಾಕಿ ಹೋಯಿತು, ತಿರುಗಿ ಕೂಡ ನೋಡಲಿಲ್ಲ. ಹುಮನಾಬಾದ ಮುಟ್ಟುವಾಗ ಉಸ್ತಾದರ ಬಿಳಿ ಗಡ್ಡ ಕಪ್ಪಾಗಿತ್ತು. “ಜವಾನಿ ವಾಪಸ್ ಬಂತಲ್ಲೋ!” ಎಂದು ಅವರೇ ನಕ್ಕರು.

ವಾಡೆಯ ಪಡಸಾಲೆ ತುಂಬ ಜನ. ಮುಂದೆ ಲೋಡಿಗೆ ಒರಗಿ ಕಲಬುರ್ಗಿಯಿಂದ ಬಂದಿದ್ದ ಹಿರಿಯ ಗವಾಯಿಯೊಬ್ಬರು. ಸಾಹುಕಾರರು ಅವರ ಮಾತಿನ ಮೇಲೆಯೇ ನಡೆಯುವವರು. ಮೊದಲು ಶಿಷ್ಯರು ಹಾಡಲಿ ಎಂದರು. ಸಾಹುಕಾರರ ಮನೆಯ ದೊಡ್ಡ ತಂಬೂರಿ ತಂದು ನಮ್ಮ ಕೈಗೆ ಕೊಟ್ಟರು. ತಂಬೂರಿ ನಮ್ಮ ತೊಡೆ ಏರಿದ್ದು ಅದೇ ಮೊದಲು. ಉಸ್ತಾದರು ನಮ್ಮೆದುರಿಗೆ ಕೂತರು, ಕಣ್ಣು ತೆರೆದುಕೊಂಡು. ಅದೂ ಮೊದಲು.

ಪತ್ತಾರರ ಹುಡುಗ ತಂಬೂರಿ ಎತ್ತಿದ, ತಲೆ ಓರೆ ಮಾಡಿದ, ದವಡೆ ಆನಿಸಿದ, ಹಾಡಿದ. ಆಮೇಲೆ ಗಾಣಿಗರ ಹುಡುಗ, ಹಾಗೆಯೇ. ಆಮೇಲೆ ನಾನು. ನಾನು ಎಷ್ಟು ಒತ್ತಿ ಆನಿಸಿದೆನೆಂದರೆ ದಂಡಿಯ ಗುರುತು ಕೆನ್ನೆಯ ಮೇಲೆ ಬಿತ್ತು. ಜನ ತಲೆದೂಗಿದರು. ಹಿರಿಯ ಗವಾಯಿ ತಲೆದೂಗಲಿಲ್ಲ.

“ಗಳಾ ಛಲೋ ಅದ, ಕಂಠಕ್ಕ ಏನೂ ಕಡಿಮಿ ಇಲ್ಲ. ಆದ್ರ ಮೂವರೂ ಅರ್ಧಾ ಬಾಯಿಲೆ ಹಾಡ್ತೀರಿ. ಬಾಯಿ ತೆರೀಲಾಕ ದವಡಿ ಎಲ್ಲಿ ಖಾಲಿ ಅದ? ಅಲ್ಲಿ ಯಾಕ ಹಚ್ಚೀರಿ, ತಮ್ಮಾ?”

“ನಮ್ಮ ಉಸ್ತಾದ್ರು ಹಂಗೇ ಹಚ್ತಾರ್ರಿ” ಎಂದ ಗಾಣಿಗರ ಹುಡುಗ, ಹೆಮ್ಮೆಯಿಂದ.

ಗವಾಯಿ ಉಸ್ತಾದರ ಕಡೆ ತಿರುಗಿ ಮೆಲ್ಲಗೆ, “ಖಾನ್ ಸಾಹೇಬ್ರ” ಎಂದರು. ಉಸ್ತಾದರು ನಮ್ಮನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಕರೆದರು. ಉಸ್ತಾದರು ತಿರುಗಲಿಲ್ಲ. ಗವಾಯಿಯ ಮುಖ ಇಳಿಯಿತು. ಅವರು ಒಳ್ಳೆಯವರು, ಮೂರನೆಯ ಸಲ ಕರೆಯಲಿಲ್ಲ. ಆದರೆ ಪಡಸಾಲೆಯ ಕಣ್ಣುಗಳೆಲ್ಲ ಉಸ್ತಾದರ ಮೇಲೆ ಬಂದವು. ಉಸ್ತಾದರು ಆ ಕಣ್ಣುಗಳನ್ನು ನೋಡಿದರು. ಇನ್ನೂ ತಂಬೂರಿಗೆ ಅಂಟಿಕೊಂಡಿದ್ದ ನನ್ನ ದವಡೆಯನ್ನು ನೋಡಿದರು. ಆಮೇಲೆ ಎದ್ದು ನಿಂತರು.

“ಸಾಹುಕಾರ್ರ, ನನಗ ಕಿವಿ ಕೇಳಂಗಿಲ್ಲ.”

ತಮ್ಮ ದನಿ ಎಷ್ಟು ಏರಿದೆ ಎಂದು ಅವರಿಗೆ ಗೊತ್ತಾಗಲಿಲ್ಲ. ಒಳಗೆ ತೊಟ್ಟಿಲಲ್ಲಿ ಮಲಗಿದ್ದ ಕೂಸು ಎದ್ದು ಅತ್ತಿತು.

“ತಂಬೂರಿ ಕಿವಿಲೆ ಕೇಳಂಗಿಲ್ಲಂತ ಎಲುಬಿಲೆ ಕೇಳ್ತಿದ್ದೆ. ಈ ಹುಡುಗರು ನನ್ನ ಬೇಮಾರಿ, ನನ್ನ ರೋಗಾ ಕಲತಾವ್ರಿ. ಇವರ ಗಳಾಕ್ಕ ಏನೂ ಆಗಿಲ್ಲ. ಯಾರರ ಒಬ್ಬ ಛಲೋ ಮಾಸ್ತರ ತಿದ್ದಿದ್ರ ಸೀದಾ ಆಗ್ತಾವ.”

ಸುಮ್ಮನೆ ಕೂತು ನಕ್ಕಿದ್ದರೆ ಸಾಕಾಗಿತ್ತು. ಇದು ನಮ್ಮ ಘರಾಣಾದ ರೀತಿ ಎಂದು ಒಂದು ಮಾತು ಹೇಳಿದ್ದರೆ ಸಾಹುಕಾರರು ನಂಬುತ್ತಿದ್ದರು. ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ನನ್ನನ್ನು ಕೇಳಿ. ಮನೆ ಸಿಗುತ್ತಿತ್ತು, ಜೋಳ ಸಿಗುತ್ತಿತ್ತು… ನಾವು ಮೂವರು ಹಾಗೆಯೇ ಅರ್ಧ ಬಾಯಿಯ ಗವಾಯಿಗಳಾಗಿ ಬೆಳೆಯುತ್ತಿದ್ದೆವು, ಅಷ್ಟೇ.

“ಒಂದು ಚೀಜ್, ಒಂದು ಹಾಡರ ಹಾಡ್ರಿ” ಎಂದು ಹಿರಿಯ ಗವಾಯಿ ಅವರೆದುರು ಬಂದು, ತುಟಿ ಕಾಣುವ ಹಾಗೆ ನಿಂತು ಕೇಳಿಕೊಂಡರು. ಉಸ್ತಾದರು ಅವರ ಎರಡೂ ಕೈ ಹಿಡಿದು ಬೇಡ ಎಂದು ತಲೆಯಾಡಿಸಿದರು. ಊಟ ಬಡಿಸಿದರು, ಉಂಡೆವು. ಗಾಣಿಗರ ಹುಡುಗ ಉಣ್ಣಲಿಲ್ಲ. ಹೋಳಿಗೆಯ ಎಲೆಯ ಮುಂದೆ ಅವನು ಉಣ್ಣದೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತಿರುಗಿ ಬರುವಾಗ ಮೋಟಾರಿನ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಉಸ್ತಾದರು ನಮ್ಮೆದುರಿನ ಹಲಗೆಯ ಮೇಲೆ ಕೂತು, ಬೆರಳಿನಿಂದ ಒಬ್ಬೊಬ್ಬರ ಗದ್ದ ಎತ್ತಿ ನೆಟ್ಟಗೆ ಮಾಡಿದರು. “ಗದ್ದಾ ಸೀದಾ. ಹಾಡು.” ಹಾಡಿದೆವು. ಮೋಟಾರು ಕುಲುಕಿದಾಗಲೆಲ್ಲ ತಲೆ ಓರೆಯಾಗುತ್ತಿತ್ತು. ಅವರು ಮತ್ತೆ ಎತ್ತುತ್ತಿದ್ದರು. ಕಲ್ಯಾಣಿ ಬರುವ ತನಕ ಎತ್ತಿದರು. ಅದೇ ನಮ್ಮ ಕೊನೆಯ ಪಾಠ.

ಅವರು ಕಲ್ಯಾಣಿಯಲ್ಲಿ ಹೆಚ್ಚು ದಿನ ಇರಲಿಲ್ಲ. ಚಾಚಿಯ ತಮ್ಮನ ಊರು ಮಂಠಾಳಕ್ಕೆ ಹೋದರು. ನಾನು ಅವರನ್ನು ನೋಡಲು ಹೋದದ್ದು ಒಂದೇ ಸಲ, ಹೋದ ವರ್ಷ. ಅಷ್ಟರಲ್ಲಿ ನನಗೆ ಮೀಸೆ ಬರುತ್ತಿತ್ತು, ದನಿ ಹೋಗಿತ್ತು. ಹೋಗಿತ್ತು ಅಂದರೆ, ಒಂದು ಸ್ವರದಲ್ಲಿ ಕೋಣ, ಮುಂದಿನ ಸ್ವರದಲ್ಲಿ ಕೋಳಿಮರಿ. ಮನೆಯಲ್ಲಿ ನಾನು ಬಾಯಿ ತೆರೆದರೆ ಅಪ್ಪ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದರು.

ಚಾಚಿ ಈಗ ಕೂಗುತ್ತಿರಲಿಲ್ಲ. ಮುಚ್ಚಿಡಲು ಏನೂ ಉಳಿದಿರಲಿಲ್ಲವಲ್ಲ. ಮೆಲ್ಲಗೆ ಉಸ್ತಾದರ ಮೊಣಕಾಲು ಮುಟ್ಟಿ ನನ್ನನ್ನು ತೋರಿಸಿದರು. ಉಸ್ತಾದರು ಬಹಳ ಹೊತ್ತು ನೋಡಿ, ನಕ್ಕು, “ಹಾಡು, ಬೇಟಾ” ಎಂದರು.

“ದನಿ ಒಡದದ, ಚಾಚಿ. ಹ್ಯಾಂಗ ಹಾಡ್ಲಿ?” ಎಂದೆ.

“ಹಾಡಪ್ಪಾ. ನಾ ಒಬ್ಬಾಕೀನೆ ಕೇಳಾಕಿ, ನಾ ಯಾರ ಮುಂದೂ ಹೇಳಲ್ಲ.”

ಹಾಡಿದೆ. ಕೋಣವೂ ಬಂತು, ಕೋಳಿಮರಿಯೂ ಬಂತು. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದಾರೆಂದು ತಿಳಿದೆ, ನಗುತ್ತಿರಲಿಲ್ಲ. ಉಸ್ತಾದರು ನನ್ನ ಗದ್ದವನ್ನೇ ನೋಡುತ್ತಿದ್ದರು. ಅದು ನೆಟ್ಟಗಿತ್ತು. ಮೊದಲಿಂದ ಕೊನೆಯ ತನಕ ನೆಟ್ಟಗಿಟ್ಟುಕೊಂಡಿದ್ದೆ. ನಾನು ನಿಲ್ಲಿಸಿದ ಮೇಲೂ ಅವರು ಸ್ವಲ್ಪ ಹೊತ್ತು ಕೇಳುತ್ತಲೇ ಇದ್ದರು.

“ವಾಹ್” ಎಂದರು. ಕಣ್ಣು ತುಂಬಿತ್ತು. “ಖುಲ್ಲಾ ಗಳಾ, ಪೂರಾ ಬಾಯಿ. ಈಗ ನೀ ಗವಾಯಿ ಆದಿ ನೋಡು.”

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರೆಂದು ಮಂಠಾಳದ ಸಂತೆಯಿಂದ ಬಂದವರು ಹೇಳಿದರು. ಮಣ್ಣಾದ ಮೇಲೆ ಸುದ್ದಿ ಬಂತು, ಹೋಗಲು ಆಗಲಿಲ್ಲ. ನನ್ನ ದನಿ ಇನ್ನೂ ಕೂಡಿಕೊಂಡಿಲ್ಲ. ಕೂಡುವುದಿಲ್ಲ ಎಂದು ಪತ್ತಾರರ ಹುಡುಗ ಪಂಥ ಕಟ್ಟಿದ್ದಾನೆ. ಇರಲಿ. ಈ ದನಿಯನ್ನು ಹೊಗಳಿದವರು ಲೋಕದಲ್ಲಿ ಒಬ್ಬರೇ ಒಬ್ಬರು. ಅವರಿಗೆ ಅದು ಕೇಳಿಸಿರಲಿಲ್ಲ.